ಈ ಸ್ತುತಿಗೀತೆ ಉಳಿಯುತ್ತಾ? ಸಭೆಗೆ ಹಾಡು ಆರಿಸುವವರಿಗೆ ಒಂದು ಮಾರ್ಗದರ್ಶಿ

ಕ್ವಾಯರ್ ನಡೆಸುವವರು, ಸಂಡೇ ಸ್ಕೂಲ್ ಅಕ್ಕಂದಿರು, ಹೊಸದಾಗಿ ಹಾಡು ಬರೆಯಲು ಕೂತ ಹುಡುಗರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಕೆಲವು ಹಾಡುಗಳು ಇನ್ನೂರು ಮುನ್ನೂರು ವರ್ಷ ಬಾಳುತ್ತವೆ. ಇನ್ನು ಕೆಲವು ಎರಡು ಕ್ರಿಸ್ಮಸ್ ಕಳೆಯುವಷ್ಟರಲ್ಲಿ ಯಾರಿಗೂ ನೆನಪಿರೋದಿಲ್ಲ. ಇದನ್ನು ಮೊದಲೇ ತಿಳಿಯೋದು ಹೇಗೆ?

ಪೂರ್ತಿ ತಿಳಿಯಲು ಆಗೋದಿಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ವೆಸ್ಲಿ 6000ಕ್ಕೂ ಹೆಚ್ಚು ಹಾಡು ಬರೆದರು. ಇವತ್ತು ಲೋಕದ ಕ್ರೈಸ್ತ ಸಭೆಗಳಲ್ಲಿ ಕೇಳಿಬರುವುದು ಅವುಗಳಲ್ಲಿ ಸ್ವಲ್ಪವೇ. ಅಂಥವರ ಗತಿಯೇ ಹೀಗಿದ್ದರೆ ನಾವು ಆರಿಸುವಾಗ ಎಷ್ಟು ಜಾಗ್ರತೆ ಬೇಕು ಅಲ್ವಾ? ಆದರೂ ಉಳಿದ ಹಾಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕೆಲವು ಗುಣಗಳು ಮತ್ತೆ ಮತ್ತೆ ಕಾಣುತ್ತವೆ. ಅವನ್ನು ಒಂದೊಂದಾಗಿ ಪರೀಕ್ಷಿಸುವ ದಾರಿ ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ತುತಿಗೀತೆ ಹಾಡುಗಾರನಿಗಾಗಿ ಇರುವುದಲ್ಲ. ಹಾಡಲು ಬಾರದವರಿಗಾಗಿ ಇರುವುದು. ಕೊನೆಯ ಬೆಂಚಿನಲ್ಲಿ ಕೂತ, ಶ್ರುತಿ ಗೊತ್ತಿಲ್ಲದ, ಕನ್ನಡಕ ಮನೆಯಲ್ಲೇ ಮರೆತು ಬಂದ ಅಜ್ಜನಿಗೆ ಆ ಹಾಡು ದಕ್ಕಬೇಕು. ಮುಂದಿನ ಎಲ್ಲ ಹಂತಗಳೂ ಇದರಿಂದಲೇ ಹುಟ್ಟಿದವು.

ಏನೇನು ಬೇಕು

ಹಾಡಿನ ಸಾಹಿತ್ಯ ಬರೆದ ಒಂದು ಹಾಳೆ, ಸ್ವರಗುರುತು ಇಲ್ಲದ್ದು. ಒಂದು ಪೆನ್ಸಿಲ್. ಸತ್ಯವೇದ, ಅಂದರೆ ಬೈಬಲ್. ನಿಮ್ಮ ಸಭೆಯ ಒಬ್ಬ ಹಿರಿಯರು, ಒಂದು ಮಗು. ಮತ್ತು ಒಂದು ವಾರದ ಸಮಯ. ಶನಿವಾರ ಸಂಜೆ ಪ್ರಾಕ್ಟೀಸಿಗೆ ಬಂದು ಅಲ್ಲೇ ಹಾಡು ಆರಿಸುವ ಅಭ್ಯಾಸ ಇದ್ದರೆ ದಯವಿಟ್ಟು ಅದನ್ನು ಬಿಡಿ.

ನಾಲ್ಕು ಪದಗಳ ಅರ್ಥ ಹೇಳಿ ಮುಂದೆ ಹೋಗೋಣ. ಚರಣ ಅಂದರೆ ಹಾಡಿನ ಒಂದೊಂದು ಪದ್ಯ. ಪಲ್ಲವಿ ಅಂದರೆ ಪ್ರತಿ ಚರಣದ ನಂತರ ತಿರುಗಿ ಬರುವ ಸಾಲು. ರಾಗ ಅಂತ ನಮ್ಮ ಸಭೆಗಳಲ್ಲಿ ಹೇಳುವುದು ಹಾಡಿನ ಧಾಟಿಗೆ, ಶಾಸ್ತ್ರೀಯ ಸಂಗೀತದ ರಾಗಕ್ಕಲ್ಲ. ಮೀಟರ್ ಅಂದರೆ ಪ್ರತಿ ಸಾಲಿಗೆ ಎಷ್ಟು ಅಕ್ಷರದ ಉಚ್ಚಾರ ಅನ್ನುವ ಲೆಕ್ಕ. ಇಂಗ್ಲಿಷ್ ಹಾಡಿನ ಪುಸ್ತಕಗಳಲ್ಲಿ 8.6.8.6 ಅಂತ ಬರೆದಿರುತ್ತದಲ್ಲ, ಅದೇ. ಮೊದಲ ಸಾಲಿಗೆ 8, ಎರಡನೆಯದಕ್ಕೆ 6, ಹೀಗೆ.

1. ರಾಗ ಬಿಟ್ಟು ಓದಿ

ಹಾಳೆ ಹಿಡಿದು ಸುಮ್ನೆ ಓದಿ, ಗಟ್ಟಿಯಾಗಿ. ಗುನುಗಬೇಡಿ. ಒಳ್ಳೆಯ ರಾಗ ಎಂಥ ಟೊಳ್ಳು ಮಾತನ್ನೂ ಮುಚ್ಚಿಬಿಡುತ್ತದೆ. ರಾಗ ತೆಗೆದ ಮೇಲೂ ಮಾತು ನಿಲ್ಲುತ್ತದೆಯೇ ನೋಡಿ. ನಂತರ ಅದನ್ನೇ ಮಗುವಿಗೆ ಓದಿ ಹೇಳಿ, ಯಾವ ಪದ ಗೊತ್ತಾಗಲಿಲ್ಲ ಅಂತ ಕೇಳಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಜನರಿಗೆ ಗೊತ್ತಿಲ್ಲದ ಪದವನ್ನು ಕಾಲವೇ ಕಿತ್ತು ಹಾಕುತ್ತದೆ. ವೆಸ್ಲಿ 1739ರಲ್ಲಿ ಒಂದು ಕ್ರಿಸ್ಮಸ್ ಹಾಡು ಬರೆದಾಗ ಮೊದಲ ಸಾಲಿನಲ್ಲೇ ಆಕಾಶಕ್ಕೆ 'ವೆಲ್ಕಿನ್' ಎಂಬ ಹಳೆಯ ಪದ ಹಾಕಿದ್ದರು. 1753ರಲ್ಲಿ ಪಾದ್ರಿ ಜಾರ್ಜ್ ವಿಟ್‌ಫೀಲ್ಡ್ ಆ ಸಾಲನ್ನು ಬದಲಿಸಿ ದೇವದೂತರು ಹಾಡುವಂತೆ ಮಾಡಿದರು. ಅದೇ ಇವತ್ತು ನಾವೆಲ್ಲ ಹಾಡುವ 'ಹಾರ್ಕ್ ದ ಹೆರಾಲ್ಡ್ ಏಂಜೆಲ್ಸ್ ಸಿಂಗ್'.

ಎಚ್ಚರಿಕೆ: ಹಳೆಯ ಹಾಡಿಗೆ ಹೀಗಾಯಿತು ಎಂದು ಇಂದಿನವರ ಹಾಡನ್ನು ನೀವೇ ತಿದ್ದಬೇಡಿ. ಬರೆದವರ ಅನುಮತಿ ಕೇಳಿ.

2. ಬೇರು ಎಲ್ಲಿದೆ ಹುಡುಕಿ

ಉಳಿದ ಹಾಡುಗಳ ಕೆಳಗೆ ಸಾಮಾನ್ಯವಾಗಿ ಸತ್ಯವೇದದ ಒಂದು ಭಾಗ ಇರುತ್ತದೆ. ಆದರೆ ವಚನವನ್ನು ಹಾಗೇ ಎತ್ತಿ ಇಟ್ಟಿರುವುದಿಲ್ಲ, ಅರಗಿಸಿಕೊಂಡು ಹೇಳಿರುತ್ತಾರೆ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ದೇವರನ್ನು ಭದ್ರ ಕೋಟೆ ಎಂದು ಹಾಡಿದ್ದು ಸತ್ಯವೇದದ 46ನೇ ಕೀರ್ತನೆಯಿಂದ. ಆ ಕೀರ್ತನೆಯಲ್ಲಿ ಸೈತಾನನ ಮಾತೇ ಇಲ್ಲ. ಲೂಥರ್ ಹಾಡಿನಲ್ಲಿ ಇದೆ, ಅವನನ್ನು ಎದುರಿಸಿ ನಿಲ್ಲುವ ಕ್ರಿಸ್ತನೂ ಇದ್ದಾನೆ. ಇಂಗ್ಲೆಂಡಿನ ಕವಿ ಐಸಾಕ್ ವಾಟ್ಸ್ 1719ರಲ್ಲಿ 90ನೇ ಕೀರ್ತನೆಯನ್ನು ಹಾಡಾಗಿಸಿದರು. ಕಾಲ ಎಂಬ ಹೊಳೆ ತನ್ನ ಮಕ್ಕಳನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ ಎನ್ನುವ ಚರಣ ಅದರಲ್ಲಿದೆ. ಸಮಾಧಿಯ ಹತ್ತಿರ ನಿಂತವರಿಗೆ ಅದರ ವಿವರಣೆ ಬೇಕಾಗುವುದಿಲ್ಲ.

ಎಚ್ಚರಿಕೆ: ವಚನಗಳನ್ನು ಜಾಸ್ತಿ ತುಂಬಿದ ಹಾಡು ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಸಾಲಿಗೊಂದು ವಚನ ಇದ್ದರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ಒಂದು ಬೇರು ಸಾಕು.

3. ಚರಣಗಳನ್ನು ಅದಲುಬದಲು ಮಾಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಹಾಳೆಯನ್ನು ಚರಣ ಚರಣವಾಗಿ ಕತ್ತರಿಸಿ, ಕಲಸಿ, ಬೇರೆ ಕ್ರಮದಲ್ಲಿ ಜೋಡಿಸಿ ಓದಿ. ಏನೂ ವ್ಯತ್ಯಾಸ ಅನಿಸಲಿಲ್ಲ ಅಂದರೆ ಆ ಹಾಡು ನಿಂತಲ್ಲೇ ನಿಂತಿದೆ. ದೊಡ್ಡ ಹಾಡು ನಡೆಯುತ್ತದೆ. ಮೊದಲ ಚರಣದಲ್ಲಿ ಇದ್ದವನು ಕೊನೆಯ ಚರಣಕ್ಕೆ ಬರುವಾಗ ಬೇರೆ ಕಡೆ ಇರುತ್ತಾನೆ.

ಹಿಂದೆ ಹಡಗುಗಳಲ್ಲಿ ದುಡಿದು, ಬಿರುಗಾಳಿಗೆ ಸಿಕ್ಕಿ, ಆಮೇಲೆ ಪಾದ್ರಿಯಾದ ಜಾನ್ ನ್ಯೂಟನ್ ಅವರ 'ಅಮೇಜಿಂಗ್ ಗ್ರೇಸ್' ತಗೊಳ್ಳಿ. ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿ, ಲೇಸ್ ಹೆಣೆದು ಬದುಕುವ ಬಡಜನರಿದ್ದ ಸಭೆಯಲ್ಲಿ, 1773ರ ಜನವರಿ 1ರ ಪ್ರಸಂಗಕ್ಕೆಂದು, ಅಂದರೆ ಸಭೆಯ ಬೋಧನೆಗೆಂದು, ಬರೆದ ಹಾಡು. ಅಂದಿನ ಪ್ರಸಂಗಕ್ಕೆ ಆರಿಸಿದ್ದು ಸತ್ಯವೇದದ 1 ಪೂರ್ವಕಾಲವೃತ್ತಾಂತ 17. ದಾವೀದ ದೇವರ ಮುಂದೆ ಕೂತು, ನನ್ನನ್ನು ಇಲ್ಲಿಯ ತನಕ ತಂದೆಯಲ್ಲ, ನಾನು ಎಷ್ಟರವನು ಎಂದು ಕೇಳುತ್ತಾನೆ. ಆಮೇಲೆ ಮುಂದಿನ ದಿನಗಳ ಬಗ್ಗೆ ದೇವರು ಕೊಟ್ಟ ಮಾತನ್ನು ನೆನೆಯುತ್ತಾನೆ. ಹಿಂದೆ, ಇಂದು, ಮುಂದೆ.

ಹಾಡು ನಡೆಯುವುದೂ ಇದೇ ದಾರಿಯಲ್ಲಿ. ಕಳೆದುಹೋಗಿದ್ದೆ, ಸಿಕ್ಕಿದೆ, ಕುರುಡನಾಗಿದ್ದೆ, ಈಗ ಕಾಣುತ್ತೇನೆ. ಈ ಎರಡನೇ ಮಾತು ಯೋಹಾನ 9ರಲ್ಲಿ ಕಣ್ಣು ಬಂದ ಕುರುಡನದು. ನಂತರ ಅಪಾಯ, ಕಷ್ಟ, ಬಲೆಗಳನ್ನು ದಾಟಿ ಬಂದ ನೆನಪು. ಆಮೇಲೆ ಮುಂದಿನ ಭರವಸೆ. ಆಮೇಲೆ ದೇಹ ಸೋಲುವ ಕಾಲ. ಕೊನೆಗೆ ಭೂಮಿಯೇ ಹಿಮದ ಹಾಗೆ ಕರಗಿದರೂ ದೇವರು ನನ್ನವನು ಎನ್ನುವ ಮಾತು. ಹೊಸ ವರ್ಷದ ಬೆಳಿಗ್ಗೆ ಒಬ್ಬ ಮನುಷ್ಯನ ಇಡೀ ಬದುಕು ಆರು ಚರಣಗಳಲ್ಲಿ ಬಂತು. ಒಂದನ್ನು ಆಚೀಚೆ ಇಟ್ಟರೂ ದಾರಿ ತಪ್ಪುತ್ತದೆ.

ಇನ್ನೊಂದು ವಿಷಯ ಗಮನಿಸಿ. ನ್ಯೂಟನ್ ತಮ್ಮ ಬಗ್ಗೆ ಹೇಳುತ್ತಿದ್ದರೂ ಹಡಗಿನ ಹೆಸರಿಲ್ಲ, ಬಿರುಗಾಳಿಯ ವಿವರವಿಲ್ಲ. 'ನಾನು' ಎನ್ನುವ ಜಾಗ ಖಾಲಿ ಇದೆ. ಹಾಡುವವರು ಯಾರಾದರೂ ಅದರೊಳಗೆ ಹೋಗಿ ಕೂರಬಹುದು.

ಎಚ್ಚರಿಕೆ: ಹೊತ್ತಾಯಿತು ಎಂದು ಒಂದನೇ, ಎರಡನೇ ಮತ್ತು ಕೊನೆಯ ಚರಣ ಮಾತ್ರ ಹಾಡಿ ಎನ್ನುವ ಪದ್ಧತಿ ಎಲ್ಲ ಕಡೆ ಇದೆ. ನಡೆಯುವ ಹಾಡಿನಲ್ಲಿ ನಡುವಿನ ಚರಣ ಬಿಟ್ಟರೆ ಸೇತುವೆಯ ಮಧ್ಯದ ಕಂಬ ತೆಗೆದ ಹಾಗೆ. ಹೊತ್ತಿಲ್ಲದಿದ್ದರೆ ಚಿಕ್ಕ ಹಾಡು ಆರಿಸಿ.

4. ದುಃಖಕ್ಕೆ ಜಾಗ ಇದೆಯಾ?

ಭಾನುವಾರ ಸಭೆಗೆ ಬಂದವರಲ್ಲಿ ಯಾರೋ ಒಬ್ಬರು ಆ ವಾರ ಮಣ್ಣು ಕೊಟ್ಟು ಬಂದಿರುತ್ತಾರೆ. ಕೆಲಸ ಕಳೆದುಕೊಂಡವರು ಇರುತ್ತಾರೆ. ಅವರು ಸುಳ್ಳು ಹೇಳದೆ ಈ ಹಾಡನ್ನು ಹಾಡಬಹುದೇ? ಈ ಪ್ರಶ್ನೆ ಕೇಳಿಕೊಳ್ಳಿ. ಮೊದಲಿಂದ ಕೊನೆಯ ತನಕ ಬರೀ ಖುಷಿ ಇರುವ ಹಾಡುಗಳೂ ಬೇಕು. ಆದರೆ ಅವು ಮಾತ್ರ ಇದ್ದರೆ ಸಭೆ ಬಡವಾಗುತ್ತದೆ.

'ಅಬೈಡ್ ವಿತ್ ಮಿ' ನೋಡಿ. ಬ್ರಿಕ್ಸಮ್ ಎಂಬ ಮೀನುಗಾರರ ಊರಿನ ಪಾದ್ರಿ ಹೆನ್ರಿ ಫ್ರಾನ್ಸಿಸ್ ಲೈಟ್ ಅವರ ಹಾಡು. 1847ರಲ್ಲಿ, ತಾವು ತೀರಿಕೊಂಡ ವರ್ಷವೇ ಅದನ್ನು ಸಭೆಯ ಕೈಗೆ ಕೊಟ್ಟು ಹೋದರು. ಬೇರು ಲೂಕ 24ರಲ್ಲಿದೆ. ಎಮ್ಮಾಹುವಿನ ದಾರಿಯಲ್ಲಿ ಶಿಷ್ಯರು, ಸಂಜೆಯಾಯಿತು, ನಮ್ಮ ಜೊತೆ ಇರು ಎಂದು ಕೇಳಿಕೊಳ್ಳುತ್ತಾರೆ. ಲೈಟ್ ಅವರಿಗೆ ಆ ಸಂಜೆ ಬದುಕಿನ ಸಂಜೆ. ಕತ್ತಲು ಹೋಗಲಿ ಅಂತ ಅವರು ಕೇಳುವುದಿಲ್ಲ. ಕತ್ತಲಲ್ಲಿ ನನ್ನ ಜೊತೆ ಇರು ಅಂತ ಕೇಳುತ್ತಾರೆ. ಗಾಂಧೀಜಿಗೆ ಈ ಹಾಡು ತುಂಬ ಇಷ್ಟ. ಗಣರಾಜ್ಯೋತ್ಸವದ ನಂತರ ದೆಹಲಿಯಲ್ಲಿ ನಡೆಯುವ ಸೇನಾ ವಾದ್ಯಗಳ ಕಾರ್ಯಕ್ರಮ ಬೀಟಿಂಗ್ ರಿಟ್ರೀಟ್‌ನಲ್ಲಿ ಇದನ್ನು ದಶಕಗಳ ಕಾಲ ನುಡಿಸಿದರು, 2022ರಲ್ಲಿ ಕೈಬಿಟ್ಟರು. ಒಂದು ಸಭೆಯ ಸಂಜೆ ಪ್ರಾರ್ಥನೆ ಇಡೀ ದೇಶದ ಕಿವಿಗೆ ಹೋಯಿತು ಅಂದರೆ ಅದರ ಮಾತು ಎಷ್ಟು ಅಗಲ ಇರಬೇಕು!

5. ವಾದ್ಯ ಇಲ್ಲದೆ ಹಾಡಿ

ನಾನಿದ್ದ ಒಂದು ಆರಾಧನೆಯಲ್ಲಿ ಹಾಡಿನ ಮಧ್ಯೆ ಕರೆಂಟ್ ಹೋಯಿತು. ಕೀಬೋರ್ಡ್ ನಿಂತಿತು, ಪರದೆಯ ಮೇಲಿನ ಸಾಲೂ ಹೋಯಿತು. ಸಭೆ ಅಲ್ಲಿಗೇ ಮೌನವಾಯಿತು. ಪಾದ್ರಿ ಅಯ್ಯನವರು ಬೇರೆ ಹಾಡು ಎತ್ತಿದರು, ಹಳೆಯದು. ಜನ ಪುಸ್ತಕ ತೆಗೆಯದೇ ನಾಲ್ಕು ಚರಣ ಹಾಡಿ ಮುಗಿಸಿದರು. ಅಂದಿನಿಂದ ನಾನು ಪ್ರತಿ ಹಾಡನ್ನೂ ಮೊದಲು ಕೀಬೋರ್ಡ್ ಆಫ್ ಮಾಡಿಯೇ ಹಾಡಿಸುತ್ತೇನೆ.

ಮೂರು ಸಂಗತಿ ನೋಡಿ. ಮೊದಲನೆಯದು ಸ್ವರದ ಎತ್ತರ. ಅತಿ ಕೆಳಗಿನ ಸ್ವರದಿಂದ ಅತಿ ಮೇಲಿನ ಸ್ವರಕ್ಕೆ ಒಂದು ಸ್ಥಾಯಿ (ಒಂದು 'ಸ'ದಿಂದ ಮೇಲಿನ 'ಸ'ದವರೆಗಿನಷ್ಟು ದೂರ), ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಎರಡನೆಯದು ಉಸಿರು. ಸಾಲು ಮುಗಿಯುವ ಜಾಗದಲ್ಲೇ ಉಸಿರು ತಗೊಳ್ಳಲು ಆಗಬೇಕು. ಮೂರನೆಯದು ಜಿಗಿತ. ಸ್ವರ ದೂರಕ್ಕೆ ಹಾರುವಲ್ಲಿ ಅಭ್ಯಾಸ ಇಲ್ಲದವರು ಎಡವುತ್ತಾರೆ.

'ಅಮೇಜಿಂಗ್ ಗ್ರೇಸ್' ಈಗ ಹಾಡುವ ರಾಗದಲ್ಲಿ ಐದೇ ಸ್ವರ: ಸ ರಿ ಗ ಪ ದ. ನಮ್ಮ ಮೋಹನ ರಾಗದ ಸ್ವರಗಳೇ. ಕೆಳಗಿನ ಪಂಚಮದಿಂದ ಮೇಲಿನ ಪಂಚಮದವರೆಗೆ, ಸರಿಯಾಗಿ ಒಂದು ಸ್ಥಾಯಿ. ನಮ್ಮ ಅಜ್ಜಿಯರಿಗೂ ಅದು ಪರಕೀಯ ಅನಿಸದೇ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

6. ರಾಗ ಬದಲಿಸಿ ನೋಡಿ

ಮೀಟರ್ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದೇ ಮೀಟರಿನ ಎರಡು ಹಾಡುಗಳ ರಾಗಗಳನ್ನು ಅದಲುಬದಲು ಮಾಡಬಹುದು. ನ್ಯೂಟನ್ ಹಾಡೂ 8.6.8.6, ಮೇಲೆ ಹೇಳಿದ ವಾಟ್ಸ್ ಅವರ 90ನೇ ಕೀರ್ತನೆಯ ಹಾಡೂ 8.6.8.6. ಇದರ ಮಾತನ್ನು ಅದರ ರಾಗಕ್ಕೆ ಹಾಡಿ ನೋಡಿ, ಕೂರುತ್ತದೆ. ಆದರೆ ಮನಸ್ಸು ಒಪ್ಪುತ್ತದಾ? ಮಾತಿನ ಭಾವಕ್ಕೆ ರಾಗ ಹೊಂದಿದೆಯೋ ಇಲ್ಲವೋ ಎಂಬುದು ಇಲ್ಲಿ ಥಟ್ಟನೆ ಗೊತ್ತಾಗುತ್ತದೆ.

ಸರಿಯಾದ ಜೋಡಿ ಸಿಗಲು ತುಂಬ ವರ್ಷ ಹಿಡಿಯಬಹುದು. ನ್ಯೂಟನ್ ಹಾಡು ಅಚ್ಚಾದದ್ದು 1779ರಲ್ಲಿ. ಇಂದಿನ ರಾಗ ಅದಕ್ಕೆ ಕೂಡಿದ್ದು 1835ರಲ್ಲಿ, ಅಮೆರಿಕದಲ್ಲಿ, ವಿಲಿಯಂ ವಾಕರ್ ಅವರ ಪುಸ್ತಕದಲ್ಲಿ. ಲೈಟ್ ಅವರ ಹಾಡಿಗೆ ವಿಲಿಯಂ ಹೆನ್ರಿ ಮಂಕ್ ರಾಗ ಹಾಕಿದ್ದು 1861ರಲ್ಲಿ, ಲೈಟ್ ತೀರಿ 14 ವರ್ಷದ ಮೇಲೆ. ವೆಸ್ಲಿಯ ಕ್ರಿಸ್ಮಸ್ ಹಾಡಿನ ರಾಗ ಇನ್ನೂ ದೂರದ್ದು. ಗುಟೆನ್‌ಬರ್ಗ್ ಅವರ ಅಚ್ಚುಕಲೆಯ ನೆನಪಿನ ಹಬ್ಬಕ್ಕೆಂದು 1840ರಲ್ಲಿ ಜರ್ಮನಿಯ ಸಂಗೀತಗಾರ ಮೆಂಡೆಲ್ಸನ್ ಮಾಡಿದ ಸಂಗೀತ ಅದು. ಅದನ್ನು ವಿಲಿಯಂ ಕಮಿಂಗ್ಸ್ ಈ ಮಾತಿಗೆ ಹೊಂದಿಸಿದರು. ಆದ್ದರಿಂದ ಮಾತು ಗಟ್ಟಿ ಇದ್ದು ರಾಗ ಸಪ್ಪೆ ಇದ್ದರೆ ಹಾಡನ್ನು ಎಸೆಯಬೇಡಿ, ಬೇರೆ ರಾಗ ಹುಡುಕಿ.

7. ಕನ್ನಡದ ಬಾಯಿಗೆ ಕೂರುತ್ತಾ?

ಅನುವಾದದ ಹಾಡುಗಳಲ್ಲಿ ಜಾಸ್ತಿ ತಪ್ಪಾಗುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ತೊಡಕು ಹ್ರಸ್ವ ದೀರ್ಘದ್ದು. ಇಂಗ್ಲಿಷ್‌ನಲ್ಲಿ ಸ್ವರವನ್ನು ಎಷ್ಟು ಎಳೆದರೂ ಪದ ಸಾಮಾನ್ಯವಾಗಿ ಅದೇ ಆಗಿರುತ್ತದೆ. ಕನ್ನಡದಲ್ಲಿ ಹಾಗಲ್ಲ. 'ನನ್ನ ಮನ ತಗೋ ದೇವಾ' ಎಂದು ಬರೆದು, ರಾಗದ ಉದ್ದ ಸ್ವರ 'ಮ' ಮೇಲೆ ಬಿದ್ದರೆ ಸಭೆ ಹಾಡುವುದು 'ನನ್ನ ಮಾನ ತಗೋ ದೇವಾ' ಅಂತ. 'ಬಲ ಕೊಡು' ಎನ್ನುವುದು 'ಬಾಲ ಕೊಡು' ಆಗುತ್ತದೆ. ಪ್ರಾರ್ಥನೆಯೇ ಕೆಟ್ಟಿತು. ಪರಿಹಾರ ಸುಲಭ. ರಾಗ ಎಲ್ಲಿ ಎಳೆಯುತ್ತದೋ ಅಲ್ಲಿ ಹುಟ್ಟಿನಿಂದಲೇ ದೀರ್ಘವಾದ ಅಕ್ಷರ ಇಡಿ. ಮನದ ಬದಲು 'ಜೀವ', ಬಲದ ಬದಲು 'ತ್ರಾಣ'. ಹಾಳೆಯ ಮೇಲೆ ಉದ್ದ ಸ್ವರ ಇರುವ ಅಕ್ಷರಗಳ ಕೆಳಗೆಲ್ಲ ಗೆರೆ ಎಳೆಯಿರಿ, ಒಂದೊಂದಾಗಿ ಹಾಡಿ ನೋಡಿ. ಅರ್ಧ ಗಂಟೆಯ ಕೆಲಸ.

ಎರಡನೆಯದು ಎತ್ತುವ ಜಾಗ. ಇಂಗ್ಲಿಷಿನ ಎಷ್ಟೋ ರಾಗಗಳು ತಾಳದ ಪೆಟ್ಟಿಗಿಂತ ಮೊದಲೇ ಶುರುವಾಗುತ್ತವೆ. 'ಅಮೇಜಿಂಗ್' ಅನ್ನುವಾಗ 'ಅ' ಮೊದಲೇ ಬಂದು, ಪೆಟ್ಟು 'ಮೇ' ಮೇಲೆ ಬೀಳುತ್ತದೆ. ಕನ್ನಡದ ಪದಗಳಲ್ಲಿ ಒತ್ತು ಮೊದಲ ಅಕ್ಷರಕ್ಕೇ ಜಾಸ್ತಿ. ಅಂಥ ರಾಗಕ್ಕೆ ನಮ್ಮ ಪದ ಹಾಕಿದರೆ ಮೊದಲ ಅಕ್ಷರ ಕಳೆದುಹೋಗುತ್ತದೆ. ಆಗ 'ಓ', 'ನೀ', 'ನಾ', 'ಈ' ಥರದ ಒಂದಕ್ಷರದ ಪದಗಳು ನೆರವಿಗೆ ಬರುತ್ತವೆ. ಅವನ್ನು ಪೆಟ್ಟಿನ ಮುಂಚೆ ಇಟ್ಟು, ನಿಜವಾದ ಪದವನ್ನು ಪೆಟ್ಟಿನ ಮೇಲೆ ತನ್ನಿ.

ಮೂರನೆಯದು ಜಾಗದ ಕೊರತೆ. 'ಗ್ರೇಸ್' ಅಲ್ಲಿ ಒಂದು ಉಚ್ಚಾರ, 'ಕೃಪೆ' ಇಲ್ಲಿ ಎರಡು. 'ಸೇವ್ಡ್' ಒಂದು, 'ರಕ್ಷಿಸಿದೆ' ನಾಲ್ಕು. ಅಂದರೆ ಮೂಲದ ಒಂದು ಸಾಲಿನಲ್ಲಿರುವುದೆಲ್ಲ ಕನ್ನಡದ ಅದೇ ಅಳತೆಯ ಸಾಲಿನಲ್ಲಿ ಹಿಡಿಯುವುದಿಲ್ಲ. ಎಲ್ಲವನ್ನೂ ತುರುಕಬೇಡಿ. ಆ ಸಾಲಿನ ಜೀವ ಯಾವುದು ಎಂದು ಕೇಳಿಕೊಂಡು ಅದೊಂದನ್ನು ಉಳಿಸಿ. ಅಷ್ಟು ಕಳೆದುಕೊಂಡ ಮೇಲೂ ಎದೆ ಮುಟ್ಟಿದರೆ ಅದು ದೊಡ್ಡ ಹಾಡೇ.

ಇದೆಲ್ಲದರ ಬದಲು ನಮ್ಮದೇ ಧಾಟಿಯಲ್ಲಿ ಬರೆಯಬಾರದೇ ಎಂದು ಕೇಳುವಿರಿ. ಖಂಡಿತ ಬರೆಯಿರಿ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗ ಜರ್ಮನ್ ರಾಗಗಳೂ ಅವರ ಜೊತೆ ಬಂದವು. ಆದರೆ ಅದೇ ಮಿಷನ್ನಿನ ಕಿಟೆಲ್ ಕನ್ನಡ ಛಂದಸ್ಸನ್ನು ಆಳವಾಗಿ ಕಲಿತರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು, ಕ್ರಿಸ್ತನ ಬದುಕನ್ನು 'ಕಥಾಮಾಲೆ'ಯಲ್ಲಿ ಇಲ್ಲಿಯ ಹಾಡಿನ ಧಾಟಿಗೆ ತಂದರು. ಮರಾಠಿಯಲ್ಲಿ ನಾರಾಯಣ ವಾಮನ ತಿಲಕರು ಅಲ್ಲಿಯ ಭಕ್ತಿಗೀತೆಯಾದ ಅಭಂಗದ ದಾರಿ ಹಿಡಿದರು. ತಮಿಳಿನಲ್ಲಿ ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ಕರ್ನಾಟಕ ಸಂಗೀತದಲ್ಲೇ ಹಾಡು ಕಟ್ಟಿದರು. ಅವರ ಹಾಡುಗಳನ್ನು ತಮಿಳು ಸಭೆಗಳು ಇಂದಿಗೂ ಹಾಡುತ್ತವೆ.

8. ಯಾರನ್ನಾದರೂ ಕೀಳಾಗಿ ನೋಡುತ್ತಾ?

ಈ ಪರೀಕ್ಷೆಗೆ ಒಬ್ಬರೇ ಬರೆದ ಎರಡು ಹಾಡು ಸಾಕು. ರೆಜಿನಾಲ್ಡ್ ಹೀಬರ್ ಕಲ್ಕತ್ತೆಯ ಬಿಷಪ್ ಆಗಿದ್ದವರು, 1826ರಲ್ಲಿ ತಿರುಚಿರಾಪಳ್ಳಿಯಲ್ಲಿ ತೀರಿಕೊಂಡರು. ಭಾರತಕ್ಕೆ ಬರುವ ಮೊದಲೇ, 1819ರಲ್ಲಿ, ಅವರು ಮಿಷನ್ ಕೆಲಸದ ಬಗ್ಗೆ ಒಂದು ಹಾಡು ಬರೆದರು. ಸಿಂಹಳದಲ್ಲಿ ಎಲ್ಲವೂ ಚೆಂದ, ಮನುಷ್ಯ ಮಾತ್ರ ನೀಚ ಎನ್ನುವ ಅರ್ಥದ ಮಾತು ಅದರಲ್ಲಿದೆ. ಒಂದು ಕಾಲಕ್ಕೆ ಎಲ್ಲ ಕಡೆ ಹಾಡುತ್ತಿದ್ದರು. ಈಗ ಅನೇಕ ಪುಸ್ತಕಗಳಿಂದ ಅದನ್ನು ತೆಗೆದಿದ್ದಾರೆ, ತೆಗೆದದ್ದು ಸರಿಯೇ. ಅವರದೇ 'ಹೋಲಿ ಹೋಲಿ ಹೋಲಿ' ಹಾಡಿನ ಬೇರು ಪ್ರಕಟನೆ 4ರಲ್ಲಿದೆ. ಅದರ ಕಣ್ಣು ದೇವರ ಮೇಲಿದೆ, ಹಾಡುವವರೆಲ್ಲ ತಲೆಬಾಗಿ ನಿಂತಿದ್ದಾರೆ. ಅದು ಉಳಿದಿದೆ.

9. ಬರೆದವರ ಕಥೆಯನ್ನು ಪಕ್ಕಕ್ಕಿಡಿ

ಕಥೆ ಕೇಳಿ ಹಾಡು ಆರಿಸುವುದು ತುಂಬ ಜನ ಮಾಡುವ ತಪ್ಪು. ನ್ಯೂಟನ್ ಬಿರುಗಾಳಿಯಲ್ಲಿ ಮನಸ್ಸು ತಿರುಗಿ, ಗುಲಾಮರ ವ್ಯಾಪಾರ ಬಿಟ್ಟು, ಕೂಡಲೇ ಈ ಹಾಡು ಬರೆದರು ಎಂದು ಪ್ರಸಂಗಗಳಲ್ಲಿ ಹೇಳುತ್ತಾರೆ. ಹಾಗಲ್ಲ. ಬಿರುಗಾಳಿ 1748ರದು. ಅದಾದ ಮೇಲೂ ಅವರು ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ದುಡಿದರು, ಸಮುದ್ರ ಬಿಟ್ಟದ್ದು 1754ರಲ್ಲಿ. ಆ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದದ್ದು 1788ರಲ್ಲಿ. ಸತ್ಯ ಇಷ್ಟು ನಿಧಾನ, ಇಷ್ಟು ನೋವಿನದು. ಅದನ್ನು ಹಾಗೇ ಹೇಳಿ, ಚಂದ ಮಾಡಬೇಡಿ. ಕಥೆ ಗೊತ್ತಿಲ್ಲದವನಿಗೂ ಹಾಡು ಮುಟ್ಟಬೇಕು.

10. ಮೂರು ಭಾನುವಾರ, ಆಮೇಲೆ ಪುಸ್ತಕ ಮುಚ್ಚಿ

ಇಷ್ಟೂ ದಾಟಿದ ಹಾಡನ್ನು ಸಭೆಗೆ ಕೊಡಿ. ಮೊದಲ ವಾರ ಕ್ವಾಯರ್ ಹಾಡಲಿ, ಸಭೆ ಕೇಳಲಿ. ಎರಡನೇ ವಾರ ಎಲ್ಲರೂ ಒಟ್ಟಿಗೆ, ನಿಧಾನಕ್ಕೆ. ಮೂರನೇ ವಾರ ಕೀಬೋರ್ಡ್ ಸದ್ದು ತಗ್ಗಿಸಿ. ನಂತರ ಎರಡು ತಿಂಗಳು ಅದನ್ನು ಮುಟ್ಟಬೇಡಿ. ಆಮೇಲೆ ಒಂದು ದಿನ ಪುಸ್ತಕ ಮುಚ್ಚಿಸಿ, ಪರದೆ ಆರಿಸಿ, ಮೊದಲ ಸಾಲು ಎತ್ತಿ, ನೀವು ಸುಮ್ಮನಾಗಿ. ಕೊನೆಯ ಬೆಂಚಿನ ಕಡೆ ಕಿವಿ ಇಡಿ. ಅಲ್ಲಿಂದ ಎಷ್ಟು ಸಾಲು ಬಂತು ಎಂದು ಹಾಳೆಯ ಮೇಲೆ ಬರೆದುಕೊಳ್ಳಿ.